ಹದಿನಾಲ್ಕು ಪದ್ಯಗಳ ಹೊತ್ತು

ಈ ಗಡಿಯಾರಕ್ಕೆ ಸೆಲ್ ಹಾಕೋ ಪುಣ್ಯಾತ್ಮರು ಯಾರೂ ಇಲ್ವಾ, ಆಸ್ಪತ್ರೆಯ ಆಯಾ ಗೋಡೆಯನ್ನೇ ಕೇಳುತ್ತಾಳೆ, ಕೇಳಿ ಬಕೆಟ್ಟು ಎತ್ತಿಕೊಂಡು ಹೊರಟೇ ಹೋಗುತ್ತಾಳೆ, ಮುಳ್ಳು ಒಂಬತ್ತೂ ಇಪ್ಪತ್ತರಲ್ಲೇ ನಿಂತಿದೆ, ನಿಲ್ಲಲಿ, ನನಗೆ ಅಪ್ಪನ ಪದ್ಯಗಳಿವೆ — ಬೆಳಗಾಗೆದ್ದು ಅವನು ಹೇಳುತ್ತಿದ್ದ ಹದಿನಾಲ್ಕನ್ನೂ ಮನಸ್ಸಿನಲ್ಲೇ ಹೇಳಿ ಮುಗಿಸಿದರೆ ಎದುರಿಗೆ ಕೂತವರ ನಾಲಗೆಯಡಿಯ ಮಾತ್ರೆ ಕರಗಿರುತ್ತದೆ, ಎಷ್ಟೋ ಬಸುರಿಯರಿಗೆ ಹಾಗೇ ಕಾದಿದ್ದೇನೆ, ಈಗ ಎದುರಿಗೆ ಹೊಲಿಗೆಯವಳು, ಏಳು ತಿಂಗಳು, ತುಟಿ ಬಿಗಿದು ಕೂತಿದ್ದಾಳೆ, ಹೊಟ್ಟೆಯ ಮೇಲೆ ಅಂಗೈ, ಬೆರಳ ತುದಿಯಲ್ಲಿ ಸೂಜಿಯ ಚುಕ್ಕೆಗಳು, ಬೆನ್ನುನೋವಿಗೆಂದು ಶುರುವಾದ ಮಾತ್ರೆ ಎರಡಾಗಿ ಹತ್ತಾಗಿ ಅವಳನ್ನೇ ನುಂಗಿದ್ದು, ಅದರ ಹಿಡಿತ ಬಿಡಿಸಲು ಈ ಬೇರೆ ಮಾತ್ರೆ, ಕರಗುವ ತನಕ ಅವಳು ಮಾತಾಡುವಂತಿಲ್ಲ, ಹಾಗಾಗಿ ಹೇಳಬೇಕಾದ್ದನ್ನೆಲ್ಲ ನಾನು ಆಗಲೇ ಹೇಳುವುದು, ನೋಡಮ್ಮಾ, ಒಂದೇ ಸಲ ನಿಲ್ಲಿಸಿದರೆ ನೀನೊಬ್ಬಳೇ ಅಲ್ಲ, ಒಳಗಿರೋದೂ ಒದ್ದಾಡುತ್ತೆ, ದಿನಾ ಬಾ, ಹುಟ್ಟಿದ ಮೇಲೆ ಕೂಸು ನಾಲ್ಕು ದಿನ ಕಿರಿಕಿರಿ ಮಾಡಬಹುದು, ಅದಕ್ಕೂ ಔಷಧಿ ಇದೆ, ಡಾಕ್ಟರು ನೋಡ್ಕೋತಾರೆ — ತಲೆಯಾಡಿಸುತ್ತಾಳೆ, ಕಣ್ಣು ಮಾತ್ರ ಬಾಗಿಲ ಕಡೆ, ಬಾಗಿಲಾಚೆ ಬೆಂಚಿನ ಮೇಲೆ ಅತ್ತೆ, ದನಿ ತಗ್ಗಿಸುವ ಜಾಯಮಾನದವಳಲ್ಲ, ಮಾತ್ರೆ ಬಿಡಿಸೋಕೆ ಮಾತ್ರೆಯಂತೆ, ಯಾವ ಸೀಮೆ ವೈದ್ಯ ಕಣಮ್ಮಾ ಇದು, ನಾವೇನು ಹೆತ್ತಿಲ್ವಾ, ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಮುಗೀತು ಅನ್ನುತ್ತಾಳೆ, ನಾನೂ ಹಾಗೇ ಅಂದುಕೊಂಡಿದ್ದೆ, ನರ್ಸಾಗಿ ಬಿಳಿ ಕೋಟು ಹಾಕುವ ಮೊದಲು, ತಂಗಿ ಆರು ತಿಂಗಳ ಬಸುರಿಯಾಗಿದ್ದಾಗ — ಆರನೇ ಪದ್ಯ, ಏಳು, ಎಂಟು, ಒಂಬತ್ತನೆಯದು ತೊಟ್ಟಿಲದ್ದು, ಅದರಲ್ಲಿ ಯಾವಾಗಲೂ ಎಡವುತ್ತೇನೆ, ಕಣ್ಣು ತಾನಾಗಿ ಮುಚ್ಚುತ್ತದೆ, ತಂಗಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಂಗೈ ಚಾಚಿದ್ದಾಳೆ, ಬೆವರಿನ ಅಂಗೈ, ಅಕ್ಕಾ, ಇವತ್ತಿಂದ ಆ ಮಾತ್ರೆ ಮುಟ್ಟಲ್ಲ, ಆಣೆ ತಗೋ, ನೀನು ದಿನಾ ಪೂಜೆ ಮಾಡೋಳು, ನಿನ್ನ ಕೈಗೆ ಕೊಟ್ಟ ಮಾತು ನಿಲ್ಲುತ್ತೆ, ಎಷ್ಟು ಹೆಮ್ಮೆಯಿಂದ ಇಟ್ಟೆ ಕೈ, ಎರಡನೇ ದಿನ ಹಲ್ಲು ಕಟಕಟ, ಮೂರನೇ ದಿನ ಬೇಡಿಕೊಂಡಳು, ಒಂದೇ ಒಂದು ಕೊಡೇ, ಕೊಡಲಿಲ್ಲ, ಆಸ್ಪತ್ರೆಗೂ ಒಯ್ಯಲಿಲ್ಲ, ಆಣೆಯಿದೆ ಕಣೇ ಅಂದೆ, ಪಕ್ಕದಲ್ಲಿ ಕೂತು ಪದ್ಯ ಹೇಳಿದೆ, ನಾನು, ಪದ್ಯ ಹೇಳಿದೆ, ನಾಲ್ಕನೇ ದಿನ ಹುಟ್ಟಿದ್ದು ಅಳಲೇ ಇಲ್ಲ — ಹತ್ತನೆಯದು ಯಾವುದು, ಕಣ್ಣು ತೆರೆದರೆ ಹೊಲಿಗೆಯವಳ ತುಟಿ ಬಿಚ್ಚಿದೆ, ಹೊಟ್ಟೆಯ ಮೇಲಿನ ಕೈ ಮುಷ್ಟಿಯಾಗಿದೆ, ಎಷ್ಟು ಹೊತ್ತು ಮುಚ್ಚಿದ್ದೆ ಕಣ್ಣು, ಕೈ ಬಿಚ್ಚು ಅನ್ನುವ ಮೊದಲೇ ಅವಳೇ ಬಿಚ್ಚುತ್ತಾಳೆ, ಬಾಯಿಂದ ತೆಗೆದ, ಎಂಜಲಲ್ಲಿ ಒದ್ದೆಯಾದ, ಅರ್ಧ ಕರಗಿದ ಮಾತ್ರೆ, ಅಕ್ಕಾ ಬೈಬೇಡಿ, ಅತ್ತೆಗೆ ಮಾತು ಕೊಟ್ಟಿದೀನಿ, ಇದೇ ಕೊನೇದು, ನಾಳೆಯಿಂದ ಯಾವ ಮಾತ್ರೆನೂ ಮುಟ್ಟಲ್ಲ, ಇದರ ಮೇಲೆ ಒಂದ್ಸಲ ಕೈ ಇಡಿ, ನೀವು ದೇವರಂಥೋರು, ನೀವು ಆಣೆ ತಗೊಂಡ್ರೆ ನಾನು ತಡ್ಕೋತೀನಿ, ಹೊರಗೆ ಅತ್ತೆ ಕೇಳಿಸಿಕೊಳ್ಳುತ್ತಿದ್ದಾಳೆ, ಅಂಗೈ ಹತ್ತಿರ ಬರುತ್ತದೆ, ನನ್ನೆರಡು ಕೈಗಳೂ ಬೆನ್ನ ಹಿಂದೆ ಹೋಗಿವೆ, ಇಲ್ಲ, ಇಡಲ್ಲ, ನೀನು ಎಷ್ಟು ಕೇಳಿದರೂ ಇಡಲ್ಲ, ಬಾಯಿಗೆ ಹಾಕ್ಕೋ ಅದನ್ನ — ಚಾಚಿದ ಅಂಗೈ, ಒದ್ದೆ ಅಂಗೈ, ಅಂಗೈ