ಕಿಮುರಾ ಸಾನ್ ಬೆಲ್ ಒತ್ತಿದ ದಿನ

ಜಪಾನಿನ ಫುನಾಬೊರಿಯಲ್ಲಿರುವ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯಲ್ಲಿ ಏನು ತೊಂದರೆಯಾದರೂ ಮೊದಲು ಗೊತ್ತಾಗುವುದು ಮಕ್ಕಳಿಗೆ. ದೊಡ್ಡವರು ಲಿಫ್ಟಿನಲ್ಲಿ ತಲೆ ಬಾಗಿಸಿ, ಮಾಸ್ಕಿನ ಒಳಗೇ ನಕ್ಕು, ತಮ್ಮ ಪಾಡಿಗೆ ಹೋಗಿಬಿಡುತ್ತಾರೆ. ಕೊರೊನಾ ಬಂದ ವರ್ಷ ಶಾಲೆ ಮತ್ತೆ ತೆರೆದ ಮೇಲೆ ಒಂದು ಸಂಜೆ ನನ್ನ ಗೆಳತಿ ಮಾಲತಿಯ ಮಗಳು ನೇಹಾ ಶಾಲೆಯಿಂದ ಬಂದು ತಾಯಿಗೆ ಹೇಳಿದಳು: “ಅಮ್ಮ, ಮಿಯು-ಚಾನ್ ಶೂ ಇಡೋ ಗೂಡು ಖಾಲಿ. ಶಿ ಈಸ್ ಇನ್ ಅನದರ್ ಸ್ಕೂಲ್ ನೌ!”

ಮಿಯು ಅಂದರೆ ಮಾಲತಿಯ ಪಕ್ಕದ ಮನೆಯ ಹುಡುಗಿ, ನೇಹಾಳ ಕ್ಲಾಸಿನವಳು. ಮನೆಯಲ್ಲಿ ಅವಳು ಮತ್ತು ಅವಳಮ್ಮ ಕಿಮುರಾ ಸಾನ್ ಇಬ್ಬರೇ. ಸಾನ್ ಅಂದರೆ ಜಪಾನಿಯಲ್ಲಿ ಗೌರವದ ‘ಅವರು’ ಇದ್ದ ಹಾಗೆ, ಮಕ್ಕಳಿಗಾದರೆ ಚಾನ್. ಕಿಮುರಾ ಸಾನ್ ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸುವ ಕೆಲಸ ಮಾಡಿ ಮಾಡಿ ಬೆನ್ನು ಹಾಳುಮಾಡಿಕೊಂಡಿದ್ದರು. ಆಪರೇಷನ್ ಆಗಲೇಬೇಕಿತ್ತು. ಅವರ ತಂದೆ ತಾಯಿ ಇರುವುದು ದೂರದ ಫುಕುವೋಕಾದಲ್ಲಿ. ಆ ವಯಸ್ಸಿನಲ್ಲಿ, ಆ ರೋಗದ ಕಾಲದಲ್ಲಿ ಬರುವ ಹಾಗಿರಲಿಲ್ಲ. ಇಂಥ ಮಕ್ಕಳನ್ನು ನೋಡಿಕೊಳ್ಳುತ್ತೇವೆಂದು ವಾರ್ಡ್ ಆಫೀಸಿಗೆ, ಅಂದರೆ ಇಲ್ಲಿನ ಪಾಲಿಕೆಗೆ, ಹೆಸರು ಕೊಟ್ಟ ಮನೆ ಈ ಶಾಲೆಯ ಹತ್ತಿರ ಒಂದೂ ಸಿಗಲಿಲ್ಲ. ಹಾಗಾಗಿ ಮಿಯುವನ್ನು ಊರಾಚೆಯ ಮಕ್ಕಳ ನಿಲಯಕ್ಕೆ ಕಳಿಸಿದರು. ಶಾಲೆ ಹೋಯಿತು, ಗೆಳತಿಯರು ಹೋದರು. ಆಸ್ಪತ್ರೆಯಲ್ಲಿ ಅಮ್ಮನನ್ನು ನೋಡಲೂ ಆಗ ಯಾರನ್ನೂ ಬಿಡುತ್ತಿರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಹುಡುಗಿ ವಾಪಸ್ ಬಂದಳು. ಆದರೆ ಬಾಯಿ ತುಂಬಾ ಮಾತಾಡುತ್ತಿದ್ದವಳು ಈಗ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು.

“ಅಮ್ಮ, ಅವಳು ಬ್ಯಾಗೇ ಬಿಚ್ಚಿಲ್ಲ,” ಎಂದಳು ನೇಹಾ. “ಅವಳ ಅಮ್ಮಂಗೆ ಇನ್ನೊಂದು ಆಪರೇಷನ್ ಇದ್ಯಂತೆ. ಮತ್ತೆ ಹೋಗ್ಬೇಕಲ್ಲ ಅಂತ ಹಾಗೇ ಇಟ್ಟಿದಾಳೆ.”

ಮಾಲತಿಗೆ ತಡೆಯಲಾಗಲಿಲ್ಲ. ನಮ್ಮ ಮಾಲತಿಯ ಕರುಳೇ ಅಂಥದ್ದು. ಮರುದಿನ ಒಂದು ಡಬ್ಬದ ತುಂಬ ಕೇಸರಿಬಾತು ತೆಗೆದುಕೊಂಡು ಹೋಗಿ ಕಿಮುರಾ ಸಾನ್ ಬಾಗಿಲು ತಟ್ಟಿದಳು. ತನಗೆ ಬರುವ ಜಪಾನಿಯಲ್ಲೇ ಹೇಳಿದಳು: “ಮಿಯುನ ನಮ್ಮನೇಲಿ ಬಿಡಿ. ಆಫೀಸು ಗೀಫೀಸು ಏನೂ ಬೇಡ. ಎಷ್ಟು ದಿನ ಆದ್ರೂ ಇರ್ಲಿ, ನಮ್ಮ ಮಗು ಥರಾನೇ.”

ಕಿಮುರಾ ಸಾನ್ ನೋಯುವ ಬೆನ್ನನ್ನು ಬಗ್ಗಿಸಿ “ಸುಮಿಮಾಸೆನ್, ಸುಮಿಮಾಸೆನ್” ಎಂದು ಕ್ಷಮೆ ಕೇಳಿದರು. ಮರುದಿನ ಬೆಳಿಗ್ಗೆ ಮಾಲತಿಯ ಬಾಗಿಲಿಗೆ ದುಬಾರಿ ಹಣ್ಣಿನ ಪೆಟ್ಟಿಗೆಯೊಂದು ಚೀಲದಲ್ಲಿ ನೇತಾಡುತ್ತಿತ್ತು. ಅಲ್ಲಿಂದಾಚೆಗೆ ಮಾಲತಿ ಲಿಫ್ಟಿನಲ್ಲಿದ್ದರೆ ಅವರು ಮೆಟ್ಟಿಲು ಹತ್ತುತ್ತಿದ್ದರು. ಅದೂ ಆ ಬೆನ್ನು ಇಟ್ಟುಕೊಂಡು!

ಮಾಲತಿ ನನ್ನ ಅಡುಗೆಮನೆಗೆ ಬಂದು ಅತ್ತಳು. “ನಾನೇನ್ ತಪ್ಪು ಮಾಡ್ದೆ ಹರ್ಷಿಣಿ? ಸಹಾಯ ಮಾಡ್ತೀನಿ ಅಂದಿದ್ದೇ ತಪ್ಪಾ?”

“ಅಯ್ಯೋ ಮಾರಾಯ್ತಿ, ನಿನ್ನ ಮನಸ್ಸಲ್ಲಿ ತಪ್ಪಿಲ್ಲ. ನಮ್ಮ ಕಡೆ ಮಗುನ ಪಕ್ಕದ ಮನೇಲಿ ಬಿಟ್ಟು ಹೋದ್ರೆ ಯಾರೂ ಏನೂ ಅಂದ್ಕೊಳಲ್ಲ. ಇಲ್ಲಿ ಅವರಿಗೆ ಅದು ದೊಡ್ಡ ಭಾರ ಕಣೇ. ಈ ಋಣ ಹೇಗೆ ತೀರಿಸ್ಲಿ ಅಂತ ಅವರು ಒದ್ದಾಡ್ತಿದಾರೆ. ಅಲ್ದೆ ಮಗುಗೆ ಜ್ವರ ಬಂತು, ಬಿದ್ದು ಕೈ ಮುರೀತು ಅನ್ನು. ಆಸ್ಪತ್ರೇಲಿ ನೀವ್ಯಾರು ಅಂದ್ರೆ ಏನ್ ಹೇಳ್ತೀಯ? ಪಕ್ಕದ ಮನೆ ಆಂಟಿ ಅಂತೀಯಾ?”

ಮಾಲತಿ ಕಣ್ಣು ಒರೆಸಿಕೊಂಡಳು. “ಹಾಗಾದ್ರೆ ಏನ್ ಮಾಡ್ಲಿ?”

“ವಾರ್ಡ್ ಆಫೀಸಿಗೆ ಫೋನ್ ಮಾಡು. ಸಾತೋ-ಓಯಾ ಅಂತಾರೆ, ಸಾಕು ಪಾಲಕರು ಅಂತ. ಹೆತ್ತೋರಿಗೆ ಆಗದೇ ಇರೋ ಕಾಲದಲ್ಲಿ ಮಗುನ ನೋಡ್ಕೊಳೋರು. ಆಗ ಮಗುನ ಕಳಿಸೋದು ಕಿಮುರಾ ಸಾನ್ ಅಲ್ಲ, ವಾರ್ಡು. ಅವರ ತಲೆ ಮೇಲೆ ಋಣ ಇರಲ್ಲ, ನಿನ್ನ ಬೆನ್ನ ಹಿಂದೆ ಕಾನೂನು ಇರುತ್ತೆ.”

ಇಷ್ಟು ಹೇಳಿದ್ದು ಸುಲಭವಾಯಿತು. ಆದರೆ ಅವಳ ಮನೆಯಲ್ಲಿ ಗಂಡ ದ್ವಾರಕಾನಾಥ ಇದ್ದಾನಲ್ಲ! ಒಳ್ಳೆಯವನೇ. ಆದರೆ ಯಾವ ಮಾತಿಗೂ ಮೊದಲು ಅಡ್ಡಪ್ರಶ್ನೆ ಹಾಕದಿದ್ದರೆ ಅವನಿಗೆ ಕಾಫಿ ಇಳಿಯುವುದಿಲ್ಲ.

“ನಾವು ಫಾರಿನರ್ಸು. ನಮಗೆ ಕೊಡ್ತಾರಾ? ನಾಳೆ ಕಂಪನಿ ವಾಪಸ್ ಹೋಗು ಅಂದ್ರೆ? ದತ್ತು ತಗೊಂಡ ಹಾಗಾದ್ರೆ ನೇಹಾ ಕಥೆ ಏನು?”

ಒಳಗಿಂದ ಅವನ ತಾಯಿ ಚಾಮುಂಡೇಶ್ವರಿಯಮ್ಮನ ದನಿ ಬಂತು. ಎರಡು ತಿಂಗಳು ಮೊಮ್ಮಗಳನ್ನು ನೋಡಿಕೊಂಡು ಹೋಗುತ್ತೇನೆಂದು ಮೈಸೂರಿನಿಂದ ಬಂದವರು, ವಿಮಾನ ನಿಂತು ಇಲ್ಲೇ ಸಿಕ್ಕಿಕೊಂಡಿದ್ದರು. “ಮೀನು ತಿನ್ನೋ ಮಗು ಕಣೋ. ದೇವರ ಮನೆ ಇರೋ ಕಡೆ ಹೇಗಾಗತ್ತೆ? ನಾನಂತೂ ಒಪ್ಪಲ್ಲ.”

ಆದರೂ ಮಾಲತಿ ಫೋನ್ ಮಾಡಿಯೇಬಿಟ್ಟಳು, ವಾರ್ಡಿನಿಂದ ಸಕುಮಾ ಸಾನ್ ಎಂಬ ಅಧಿಕಾರಿ ಮನೆ ನೋಡಲು ಬಂದರು. ಮಾತು ದಾಟಿಸಲು ನಾನು ಪಕ್ಕದಲ್ಲಿ ಕೂತೆ. ಕಿಟಕಿ ತೆರೆದಿಟ್ಟು, ಎಲ್ಲರೂ ಮಾಸ್ಕು ಹಾಕಿಕೊಂಡು, ಕೋಟು ತೊಟ್ಟು ಕೂತಿದ್ದೆವು. ದ್ವಾರಕಾನಾಥ ತನ್ನ ಪ್ರಶ್ನೆಗಳನ್ನೆಲ್ಲ ಕೇಳಿದ. ಅವರು ಸಮಾಧಾನವಾಗಿ ಉತ್ತರಿಸಿದರು.

“ಇದು ದತ್ತು ಅಲ್ಲ. ಮಗುವಿನ ಹೆಸರು, ಮನೆತನ ಯಾವುದೂ ಬದಲಾಗುವುದಿಲ್ಲ. ಅಮ್ಮ ಹುಷಾರಾದ ಮೇಲೆ ಮಗು ಅಮ್ಮನ ಹತ್ತಿರ ಹೋಗುತ್ತದೆ. ನೀವು ಹೊರದೇಶದವರು ಎಂಬ ಒಂದೇ ಕಾರಣಕ್ಕೆ ನಾವು ಬೇಡ ಎನ್ನುವುದಿಲ್ಲ. ಇಲ್ಲಿ ಎಷ್ಟು ಕಾಲ ಇರುತ್ತೀರಿ ಎಂದು ಮುಚ್ಚಿಡದೆ ಹೇಳಿ. ಅದಕ್ಕೆ ಹೊಂದುವ ಹಾಗೆ ಸ್ವಲ್ಪ ಕಾಲದ ಜವಾಬ್ದಾರಿ ಕೇಳುತ್ತೇವೆ. ತರಬೇತಿ ಇದೆ. ಮಗುವಿನ ಖರ್ಚಿಗೆ ನೆರವು ಇದೆ. ಕಷ್ಟವಾದರೆ ನಮಗೆ ಫೋನ್ ಮಾಡಿ, ಬರುತ್ತೇವೆ.”

ಆಮೇಲೆ ಮಾಲತಿಯ ಕಡೆ ತಿರುಗಿದರು. “ಒಂದು ಮಾತು. ಯಾವ ಮಗು ಯಾವ ಮನೆಗೆ ಎಂದು ತೀರ್ಮಾನ ಮಾಡುವುದು ನಾವು. ಮಿಯುನೇ ಬರುತ್ತಾಳೆ ಎಂದು ಮಾತು ಕೊಡಲಾರೆ.”

“ನೋಡಿದ್ಯಾ?” ಎಂದ ದ್ವಾರಕಾನಾಥ. “ಇಷ್ಟೆಲ್ಲ ಮಾಡಿದ್ರೂ ಅವಳು ಬರ್ದೇ ಇರಬಹುದು.”

ಮಾಲತಿ ಅಂದಳು, “ಬರೋ ಮಗುಗೂ ಒಬ್ಬಳು ಅಮ್ಮ ಇರ್ತಾಳಲ್ಲ ರೀ. ಅವಳೂ ಯಾವುದೋ ಆಸ್ಪತ್ರೇಲಿ ಮಲಗಿ, ನನ್ನ ಮಗು ಊಟ ಮಾಡ್ತೋ ಇಲ್ವೋ ಅಂತಿರ್ತಾಳೆ. ಯಾರೇ ಬರ್ಲಿ, ನಾನು ನೋಡ್ಕೋತೀನಿ.”

ಅವಳನ್ನು ನಾನು ಬೆಂಗಳೂರಿನ ಕಾಲದಿಂದ ಬಲ್ಲೆ. ಆ ದಿನ ಮಾತ್ರ ಹೊಸದಾಗಿ ನೋಡಿದ ಹಾಗಾಯಿತು. ಇಂಥವಳು ನನ್ನ ಗೆಳತಿ ಎಂದು ನನಗೆ ಹೆಮ್ಮೆಯಾಯಿತು.

ಸಕುಮಾ ಸಾನ್ ಈಗ ಚಾಮುಂಡೇಶ್ವರಿಯಮ್ಮನಿಗೆ ತಲೆ ಬಾಗಿಸಿದರು. “ಮನೆಯಲ್ಲಿರುವ ಎಲ್ಲರೂ ಒಪ್ಪಬೇಕು. ನೀವೇನು ಹೇಳುತ್ತೀರಿ?”

ಅಜ್ಜಿ ಸೆರಗು ಎಳೆದುಕೊಂಡರು. “ಹರ್ಷಿಣಿ, ಒಂದು ಕೇಳು. ಆ ಮಗುನ ಕಳಿಸಿದ್ದ ಜಾಗದಲ್ಲಿ ಅವಳಿಗೆ ಗೊತ್ತಿರೋರು ಯಾರಾದ್ರೂ ಇದ್ರಾ?”

ನಾನು ಕೇಳಿ ಹೇಳಿದೆ. “ಇಲ್ವಂತೆ ಅಮ್ಮ. ಅಲ್ಲಿಯೋರು ಒಳ್ಳೆಯೋರೇ. ಆದ್ರೆ ಗುರುತಿನೋರು ಯಾರೂ ಇರ್ಲಿಲ್ಲ.”

“ನನಗಿಲ್ಲಿ ಮಗ ಇದಾನೆ, ಸೊಸೆ ಇದಾಳೆ. ಆದ್ರೂ ಯಾವಾಗ ಹೋಗ್ತೀನೋ, ನನ್ನ ಮನೆ ನನ್ನ ಹಾಸಿಗೆ ಯಾವಾಗ ನೋಡ್ತೀನೋ ಅಂತ ಜೀವ ಹಿಂಡತ್ತೆ. ಪಾಪ, ಅಷ್ಟುದ್ದದ ಮಗು ಹೇಗೆ ತಡ್ಕೊಂಡ್ತೋ.” ಕಣ್ಣಲ್ಲಿ ನೀರು ಬಂದಿತ್ತು. ಆದರೂ ಅಜ್ಜಿ ಅಜ್ಜಿಯೇ. “ಬರ್ಲಿ. ಮೀನು ಬೇಕಾದ್ರೆ ಕೊಂಬಿನಿ ಅಂಗಡಿಯಿಂದ ತಂದಿದ್ದನ್ನ ಅದರ ಡಬ್ಬದಲ್ಲೇ ತಿನ್ಲಿ. ನನ್ನ ಬಾಣಲೆ ಮುಟ್ಟೋ ಹಾಗಿಲ್ಲ, ಅಷ್ಟೇ!”

ಇದನ್ನು ನಾನು ಜಪಾನಿಯಲ್ಲಿ ಹೇಳಿದಾಗ ಸಕುಮಾ ಸಾನ್ ಮೊದಲ ಸಲ ಜೋರಾಗಿ ನಕ್ಕರು.

ತರಬೇತಿ ಹೆಚ್ಚೂಕಡಿಮೆ ಕಂಪ್ಯೂಟರಿನಲ್ಲೇ ನಡೆಯಿತು. ಅಡ್ಡಪ್ರಶ್ನೆಯ ದ್ವಾರಕಾನಾಥನೇ ಅಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿ ಹೆಚ್ಚು ಕಲಿತ. ಮಗುವಿನ ಮುಂದೆ ಹೆತ್ತವರನ್ನು ಹಳಿಯಬಾರದು, ಅಮ್ಮ ಎಂದು ಕರೆ ಎಂದು ಒತ್ತಾಯಿಸಬಾರದು, ಅಳುವ ಮಗುವನ್ನು ಅಳಲು ಬಿಡಬೇಕು. ಈಗ ನಮಗೂ ಅವನೇ ಪಾಠ ಹೇಳುತ್ತಾನೆ.

ಮುಂದಿನ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಅವರ ಹೆಸರು ಸಾಕು ಪಾಲಕರ ಪಟ್ಟಿಗೆ ಸೇರಿತ್ತು. ಆಗಲೇ ಕಿಮುರಾ ಸಾನ್‌ಗೆ ಎರಡನೇ ಆಪರೇಷನ್ನಿನ ದಿನ ಗೊತ್ತಾಯಿತು. ಮಾಲತಿ ಬಾಯಿಬಿಟ್ಟು ಏನೂ ಕೇಳಲಿಲ್ಲ, ಆದರೆ ಅವಳ ಕಣ್ಣು ಫೋನಿನ ಮೇಲೇ ಇತ್ತು. ಕೊನೆಗೆ ಸಕುಮಾ ಸಾನ್ ಕರೆ ಮಾಡಿದರು: “ಶಾಲೆ ಬದಲಾಗಬಾರದು ಎಂದು ತೀರ್ಮಾನವಾಗಿದೆ. ತಾಯಿಯೂ ಒಪ್ಪಿದ್ದಾರೆ. ಮಿಯುವನ್ನು ನೋಡಿಕೊಳ್ಳುತ್ತೀರಾ?”

ಮಿಯು ಬಂದಳು, ಅದೇ ಬ್ಯಾಗು ಹಿಡಿದುಕೊಂಡು. ಎರಡು ದಿನ ಅದನ್ನು ಬಾಗಿಲ ಪಕ್ಕದಲ್ಲೇ ಇಟ್ಟಿದ್ದಳು. ಯಾರೂ ಮುಟ್ಟಲಿಲ್ಲ. ಸಂಜೆ ವಿಡಿಯೋದಲ್ಲಿ ಅಮ್ಮನ ಮುಖ ನೋಡಿದಳು, ಅತ್ತಳು, ಮಾಲತಿ ಪಕ್ಕದಲ್ಲಿ ಕೂತಿದ್ದಳು. ಮೂರನೆಯ ಬೆಳಿಗ್ಗೆ ನೋಡಿದರೆ ಬ್ಯಾಗು ಖಾಲಿ! ಬಟ್ಟೆಯೆಲ್ಲ ನೇಹಾಳ ಬಟ್ಟೆಯ ಪಕ್ಕದಲ್ಲಿ ಮಡಿಸಿಟ್ಟಿತ್ತು. ಅಜ್ಜಿ ಸಾಲ್ಮನ್ ಅನ್ನದ ಉಂಡೆ ತರಲು ತಾವೇ ಮಾಸ್ಕು ಹಾಕಿಕೊಂಡು ಕೊಂಬಿನಿಗೆ ಹೊರಟರು. ಶುದ್ಧ ಮಡಿಯ ನಮ್ಮ ಚಾಮುಂಡೇಶ್ವರಿಯಮ್ಮ!

ಕಿಮುರಾ ಸಾನ್ ಗುಣವಾಗಿ ಬಂದರು. ಮಿಯು ಪಕ್ಕದ ಬಾಗಿಲಿಗೆ ಓಡಿದಳು. ಮಾಲತಿ ನಗುತ್ತ ಕೈ ಬೀಸಿ, ಒಳಗೆ ಬಂದು ಗಳಗಳ ಅತ್ತಳು. ಅಳಲೇಬೇಕು. ಮಗು ತಾಯಿಯ ಹತ್ತಿರ ಹೋಗಲಿ ಎಂದೇ ಅಲ್ಲವೇ ಅಷ್ಟು ಪ್ರೀತಿಯಿಂದ ಸಾಕಿದ್ದು?

ಕೆಲವು ವಾರದ ಮೇಲೆ ಒಂದು ಸಂಜೆ ನಾನು ಮಾಲತಿಯ ಮನೆಯಲ್ಲಿದ್ದಾಗ ಬೆಲ್ ಆಯಿತು. ಬಾಗಿಲಲ್ಲಿ ಕಿಮುರಾ ಸಾನ್. ಕೈಯಲ್ಲಿ ಹಣ್ಣಿನ ಪೆಟ್ಟಿಗೆ ಇರಲಿಲ್ಲ, ಬಾಯಲ್ಲಿ ಸುಮಿಮಾಸೆನ್ ಇರಲಿಲ್ಲ. ನೆಟ್ಟಗೆ ನಿಂತಿದ್ದರು.

“ಮಾಲತಿ ಸಾನ್, ನಾಳೆ ಆಸ್ಪತ್ರೆಯಿಂದ ಬರೋದು ತಡ ಆಗಬಹುದು. ನಾನು ಬರೋವರೆಗೂ ಮಿಯು ನಿಮ್ಮನೇಲಿ ಇರಬಹುದಾ?”

ಕೇಳಿದರು! ನಮ್ಮ ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತುತ್ತಿದ್ದ ಹೆಂಗಸು, ತಾವಾಗಿ ಬೆಲ್ ಒತ್ತಿ ಕೇಳಿದರು. ಮಾಲತಿ ಬಾಗಿಲನ್ನು ಪೂರ್ತಿ ತೆರೆದಳು. ಮಿಯುವಿನ ಹೆಸರು ಕೇಳಿದ್ದೇ ತಡ, ಒಳಗಿನಿಂದ ಅಜ್ಜಿಯೇ ಕನ್ನಡದಲ್ಲಿ ಕೂಗಿದರು, “ಕಳ್ಸಮ್ಮಾ, ಕಳ್ಸು!” ಕಿಮುರಾ ಸಾನ್‌ಗೆ ದನಿಯಲ್ಲೇ ಅರ್ಥವಾಯಿತು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮಕ್ಕಳ ಶಾಲೆಯಲ್ಲೂ ಒಂದು ಶೂ ಗೂಡು ಖಾಲಿ ಇರಬಹುದು. ನಮಗ್ಯಾಕೆ, ನಾವು ಹೊರಗಿನವರು ಎನ್ನಬೇಡಿ. ದೊಡ್ಡ ಮನೆ ಬೇಕಿಲ್ಲ, ಜಪಾನಿ ಭಾಷೆಯ ದೊಡ್ಡ ಪಾಂಡಿತ್ಯವೂ ಬೇಕಿಲ್ಲ. ನಿಯಮ ಊರಿಂದ ಊರಿಗೆ ಬೇರೆ ಇರುತ್ತದೆ. ನಿಮ್ಮ ವಾರ್ಡ್ ಆಫೀಸಿಗೆ ಹೋಗಿ, ಸಾತೋ-ಓಯಾ ಆಗಲು ಏನು ಮಾಡಬೇಕು ಎಂದು ಕೇಳಿ. ಮಾತು ಬರದಿದ್ದರೆ ನನ್ನನ್ನು ಕರೆಯಿರಿ, ಬರುತ್ತೇನೆ. ಎಲ್ಲೋ ಒಂದು ಮಗು ಬ್ಯಾಗು ಬಿಚ್ಚದೆ ಕೂತಿದೆ.