ಮೂರನೆಯ ಸಾಲಿನ ರಿವೆಟ್ಟು

"ಮಗುಚಬ್ಯಾಡಿ, ತಡೀರಿ!" ಎಂದು ಕೂಗುತ್ತಾ ರಾಮಮ್ಮ ಗಂಡನ ಹೆಣದ ಪಕ್ಕದಿಂದ ಎದ್ದು ಬಂದಳು. ಹೊಳೆದಂಡೆಯಲ್ಲಿ ಕವುಚಿಟ್ಟಿದ್ದ ತಗಡಿನ ದೋಣಿಗೆ ಕೈಹಾಕಿದ್ದ ನಾಲ್ವರೂ ಹಿಂದೆ ಸರಿದರು. ಅವಳ ಕೈಯಲ್ಲಿ ಸುತ್ತಿಗೆಯಿತ್ತು. ತಗಡುಗಳನ್ನು ಕೂಡಿಸಿದ್ದ ಸಾಲುಸಾಲು ರಿವೆಟ್ಟುಗಳ ಮೇಲೆ ಒಂದೊಂದಾಗಿ ಬಡಿಯುತ್ತಾ ಹೋದಳು.

ಸತ್ತ ಕರಿಯಪ್ಪನ ಅಣ್ಣ ಸಿದ್ದಯ್ಯನಿಗೆ ರೇಗಿತು. "ಸೇತ್ವೆ ಆದ್ಮೇಲೆ ಈ ದೋಣಿ ನೀರೇ ಮುಟ್ಟಿಲ್ಲ ಕಣವ್ವ. ನಡುವೊಳೇಲಿ ನೀರು ನುಗ್ಗುದ್ರೆ ಎಣ ಯಾರಿಡ್ಕೊಳದು? ಟೆಂಪೋದಲ್ಲಿ ತಕ್ಕೊಂಡೋಗವ."

"ಮಣ್ಣಾಗಕ್ಕೆ ನನ್ನ ದೋಣೀಲೇ ಆಚೆ ದಡದ ಒಲಕ್ಕೆ ಓಗ್ತೀನಿ ಅಂತ ಅವರು ಏಳಿದ್ದು ನನ್ನತ್ರ, ಬಾವ. ಸೋರ್ತದೋ ಇಲ್ವೋ ನಾನೇಳ್ತೀನಿ."

ಗಂಡಸರು ಮುಖ ಮುಖ ನೋಡಿಕೊಂಡರು. ದೋಣಿ ಕಟ್ಟಿದವನು ಕರಿಯಪ್ಪ. ಇವಳಿಗೇನು ಗೊತ್ತು?

*

ಹದಿಮೂರು ವರ್ಷದ ಹಿಂದೆ, ೧೯೯೧ರಲ್ಲಿ, ಕರಿಯಪ್ಪ ನಂಜನಗೂಡಿನಿಂದ ತಗಡು ತಂದು ನರಸೀಪುರದ ಈ ದಂಡೆಯಲ್ಲಿ ದೋಣಿ ಕಟ್ಟಿದ. ವೆಲ್ಡಿಂಗ್ ಮಾಡಿಸು ಎಂದವರಿಗೆ, "ಬೆಸುಗೆ ಬಿಟ್ರೆ ಉದ್ದಕ್ಕೂ ಬಿಡ್ತದೆ. ರಿವೆಟ್ಟು ಓದ್ರೆ ಒಂದೇ ಓಗದು" ಎನ್ನುತ್ತಿದ್ದ.

ಆದರೆ ರಿವೆಟ್ಟು ಹೊಡೆಯಲು ಇಬ್ಬರು ಬೇಕು. ಕವುಚಿದ ದೋಣಿಯೊಳಗೆ ಕತ್ತಲಲ್ಲಿ ಕೂತು ರಾಮಮ್ಮ ರಿವೆಟ್ಟಿನ ತಲೆಗೆ ಕಬ್ಬಿಣದ ಗುಂಡು ಒತ್ತಿಹಿಡಿಯುತ್ತಿದ್ದಳು. ಹೊರಗೆ ಚಾಚಿದ ತುದಿಯನ್ನು ಅವನು ಬಡಿದು ಚಪ್ಪಟೆ ಮಾಡುತ್ತಿದ್ದ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

"ರಿವೆಟ್ಟು ಕೂತ್ಕತಾ ರಾಮಿ?"

ಸದ್ದು ಕೇಳಿಯೇ ಅವಳು "ಇನ್ನೊಂದೇಟು" ಎನ್ನುತ್ತಿದ್ದಳು, ಇಲ್ಲವೆ "ಸಾಕು". ಅವಳು ಸಾಕು ಎನ್ನದೆ ಅವನು ಮುಂದಿನ ರಿವೆಟ್ಟಿಗೆ ಹೋದವನಲ್ಲ. ದೋಣಿ ನೀರಿಗಿಳಿದ ದಿನ ಊರವರು ಹಾರ ಹಾಕಿದ್ದು ಮಾತ್ರ ಅವನೊಬ್ಬನಿಗೆ. ಅವನು ಅದನ್ನು ಮನೆಗೆ ತಂದು, ನಗುತ್ತಾ, ಕಬ್ಬಿಣದ ಗುಂಡಿಗೆ ಸುತ್ತಿಟ್ಟ. ರಾಮಮ್ಮನಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

*

ಮೂರನೆಯ ಸಾಲಿನಲ್ಲಿ ಸುತ್ತಿಗೆ ನಿಂತಿತು. ಟಣ್ ಎನ್ನಬೇಕಾದದ್ದು ದಬ್ ಎಂದಿತ್ತು. ರಾಮಮ್ಮ ಉಗುರಿನಿಂದ ಕೆರೆದಳು. ಟಾರು ಎದ್ದು ಬಂತು; ಕೆಳಗೆ ರಿವೆಟ್ಟಿರಲಿಲ್ಲ, ಮರದ ಬಿರಟೆಯಿತ್ತು.

"ಯಾರ್ಲಾ ಇದು?"

ಸಿದ್ದಯ್ಯನ ಮಗ ಪ್ರಸಾದ ತಲೆ ತಗ್ಗಿಸಿದ. ಮೂವತ್ತು ವರ್ಷದವನು ಹುಡುಗನಂತೆ ನಿಂತಿದ್ದ. "ಎಮ್ಮೆ ಕಟ್ಟಕ್ಕೆ ಅಗ್ಗ ತೂರಿಸ್ಬೇಕಾಗಿತ್ತು ಚಿಕ್ಕವ್ವ, ಕಿತ್ತಾಕ್ದೆ. ಚಿಕ್ಕಪ್ಪ ಬಯ್ತಾರೆ ಅಂತ ಬಿರಟೆ ಬಡ್ದು ಟಾರು ಬಳ್ದೆ."

"ನೋಡ್ದಾ? ಟೆಂಪೋ ಕರೀರ್ಲಾ" ಎಂದ ಸಿದ್ದಯ್ಯ.

"ನಿಂತ್ಕಳಿ ಬಾವ." ರಾಮಮ್ಮ ಬಿರಟೆ ಕಿತ್ತೆಸೆದು, ಮಗಳು ಶಾಂತಿಯನ್ನು ಮನೆಗೆ ಕಳಿಸಿ ರಿವೆಟ್ಟಿನ ಹಳೇ ಡಬ್ಬಿಯನ್ನೂ ಕಬ್ಬಿಣದ ಗುಂಡನ್ನೂ ತರಿಸಿದಳು. "ಒಳಕ್ಕೋಗವ್ವ. ರಿವೆಟ್ಟು ತೂರ್ಸಿ ಬಿಗಿಯಾಗಿ ಒತ್ತಿಡ್ಕೊ. ಸದ್ದು ಕೇಳ್ತಾ ಇರು."

ಹೊರಗೆ ನಿಂತು ಸುತ್ತಿಗೆ ಎತ್ತಿದ್ದು ಅವಳಿಗೆ ಇದೇ ಮೊದಲು. ನಾಲ್ಕೇಟು ಹಾಕಿದಳು.

"ಕೂತ್ಕತಾ ಮಗ?"

ಒಳಗಿನಿಂದ ಶಾಂತಿ ಅಂದಳು: "ಇನ್ನೊಂದೇಟು, ಅವ್ವ."

ಟಣ್.

"ಸಾಕು!"

ರಾಮಮ್ಮನ ಕಣ್ಣು ತುಂಬಿತು. ಸಿದ್ದಯ್ಯ ಬಂದು ದೋಣಿಗೆ ಹೆಗಲು ಕೊಟ್ಟ.

ನಡುಹೊಳೆಯಲ್ಲಿ ಪ್ರಸಾದ ಜೋಪಾನವಾಗಿ ಹುಟ್ಟು ಹಾಕುತ್ತಿದ್ದ. ಸಿದ್ದಯ್ಯ ತಮ್ಮನ ಮುಖ ಬಿಟ್ಟು ದೋಣಿಯ ತಳವನ್ನೇ ನೋಡುತ್ತಾ ಕೂತಿದ್ದ. ಕರಿಯಪ್ಪನ ಕಾಲ ಬಳಿ ತಳದಲ್ಲಿ ಚೆಲ್ಲಿದ್ದ ಪುರಿ ಗಾಳಿಗೆ ಗರಗರ ಓಡಾಡುತ್ತಿತ್ತು. ಒಂದು ಕಾಳೂ ನೆನೆದಿರಲಿಲ್ಲ.