ದಿವಂಗತರ ತಮ್ಮ

ಮೇಷ್ಟ್ರು ಸಾಯಲಿಲ್ಲ. ಪೀಕಲಾಟ ಶುರುವಾದದ್ದೇ ಅಲ್ಲಿಂದ.

ಸಾಯುತ್ತಾರೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದರು. ನೋಡಬೇಕಾದವರನ್ನೆಲ್ಲ ಕರೆಸಿಬಿಡಿ ಎಂದು ಡಾಕ್ಟರೇ ಹೇಳಿದ್ದರು. ವಯಸ್ಸೂ ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎನ್ನುವಂಥದ್ದೇ. ಅವರು ಅರ್ಧ ಆಯಸ್ಸು ನಾಟಕ ಕಲಿಸಿದ ಕಲಾಕೇಂದ್ರವೂ ಆಗ ಅವರಂತೆಯೇ ಕೊನೆಯುಸಿರು ಎಳೆಯುತ್ತಿತ್ತು. ಮೊದಲು ಗೋದಾಮಾಗಿದ್ದ ಕಟ್ಟಡ ಅದು. ತೊಲೆಗಳನ್ನು ಗೆದ್ದಲು ತಿಂದು ಚಾವಣಿ ಒಂದು ಮಗ್ಗುಲಿಗೆ ಜೋತುಬಿದ್ದಿತ್ತು. ಪುರಸಭೆಯವರು ಬಂದು, ಕತ್ತೆತ್ತಿ ನೋಡಿ, ರಿಪೇರಿ ಮಾಡಿಸದಿದ್ದರೆ ಬೀಗ ಜಡಿಯುತ್ತೇವೆ ಎಂದು ಹೇಳಿ ಹೋಗಿದ್ದರು.

ಈ ಎರಡೂ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವಳು ಮೇಷ್ಟ್ರ ಮಗಳು. ಹೆಸರಿಗೆ ಕೇಂದ್ರದ ವ್ಯವಸ್ಥಾಪಕಿ. ಬೆಳಿಗ್ಗೆ ಬಾಗಿಲು ತೆಗೆಯುವವಳು, ಕಕ್ಕಸು ತೊಳೆಸುವವಳು, ಹೊಲಿಗೆ ಕೆಲಸದ ಹೆಂಗಸರ ಗಾಯನಕ್ಕೆ ಹಾರ್ಮೋನಿಯಂ ಹೊಂದಿಸಿಕೊಡುವವಳು, ಮಧ್ಯಾಹ್ನ ಮಕ್ಕಳ ಚಿತ್ರಕ್ಕೆ ಬಣ್ಣ ಕಲಸುವವಳು, ಅಪ್ಪ ಹಾಸಿಗೆ ಹಿಡಿಯುವವರೆಗೆ ಸಂಜೆ ಅವರ ನಾಟಕದ ತಾಲೀಮಿನಲ್ಲಿ ಎಲ್ಲರ ಎದುರಿಗೆ 'ಮಂಕು' ಎಂದು ಬೈಸಿಕೊಳ್ಳುವವಳು, ಎಲ್ಲ ಅವಳೇ. ಇದರ ನಡುವೆ ದಾನಿಗಳ ಬಾಗಿಲು ಕಾಯಬೇಕು. ಕಲೆ ಎಂದರೆ ಜನ ಕೈ ಮುಗಿಯುತ್ತಾರೆ, ಕಲೆಯ ಚಾವಣಿ ಎಂದರೆ ಗಡಿಯಾರ ನೋಡುತ್ತಾರೆ.

ಸುತ್ತಿ ಸುತ್ತಿ ಚಪ್ಪಲಿ ಸವೆದ ಮೇಲೆ ಒಂದು ಪ್ರತಿಷ್ಠಾನ ಸಿಕ್ಕಿತು. ಹೆಂಚಿನ ಕಾರ್ಖಾನೆ ನಡೆಸಿ ಶ್ರೀಮಂತರಾದವರದು. ಯಜಮಾನ ತೀರಿಕೊಂಡು ಈಗ ಅವರ ಹೆಂಡತಿಯದೇ ಕಾರುಬಾರು. ಕಟ್ಟಡ ಕಟ್ಟಿಸಿಕೊಡುತ್ತಿದ್ದರು, ಆದರೆ ತೀರಿಹೋದ ಕಲಾವಿದರ ಸ್ಮರಣೆಗೆ ಮಾತ್ರ. ಗಂಡ ಹಿಂದೊಮ್ಮೆ, ಇನ್ನೂ ಬದುಕಿದ್ದ ದೊಡ್ಡ ಮನುಷ್ಯನೊಬ್ಬನ ಹೆಸರಿನಲ್ಲಿ ಗ್ರಂಥಾಲಯ ಕಟ್ಟಿಸಿ, ಆಮೇಲೆ ಆ ಮಹಾಶಯ ಜೈಲಿಗೆ ಹೋಗಿ, ಕಲ್ಲಿನ ಮೇಲಿನ ಹೆಸರು ಕೆತ್ತಿ ತೆಗೆಸಲು ಪಟ್ಟ ಪಾಡು ಆಕೆಗೆ ನೆನಪಿತ್ತು. "ಬದುಕಿರೋರನ್ನ ನಂಬೋಕಾಗಲ್ಲ ನೋಡಮ್ಮ," ಎಂದಿದ್ದರು ದಾನಿಯಮ್ಮ. "ಸತ್ತೋರಾದ್ರೆ ಇನ್ನು ಕೆಡಲ್ಲ."

ಅರ್ಜಿಗೆ ಕೊನೆಯ ದಿನ ಬಂತು. ಮೇಷ್ಟ್ರು ಇನ್ನೂ ಉಸಿರಾಡುತ್ತಿದ್ದರು. ಕೇಂದ್ರದ ಖಜಾಂಚಿ ಔಷಧಿ ಅಂಗಡಿಯವರು, ಮಾತ್ರೆ ಮಾರಿ ಮಾರಿ ತಾವೇ ಅರ್ಧ ಡಾಕ್ಟರಾಗಿದ್ದೇವೆ ಎಂದುಕೊಂಡವರು. ಆಸ್ಪತ್ರೆಗೆ ಬಂದು ಮೇಷ್ಟ್ರ ಕೈ ಹಿಡಿದು ನಾಡಿ ನೋಡಿ ಲೊಚಗುಟ್ಟಿದರು.

"ಇವತ್ತಲ್ಲ ನಾಳೆ ಆಗೋದೇ ಅಲ್ವೇನಮ್ಮ. ಒಂದು ದಿನ ಹಿಂದೆಮುಂದೆ ಆದ್ರೆ ಯಾರೂ ಕೇಳಲ್ಲ. ಬರೆದುಬಿಡು."

ಅವಳು ಅಪ್ಪನ ಹೆಸರಿನ ಹಿಂದೆ 'ದಿವಂಗತ' ಎಂದು ಸೇರಿಸಿ ಕಳಿಸಿದಳು. ಕೈ ನಡುಗಲಿಲ್ಲ. ನಡುಗಲಿಲ್ಲವಲ್ಲ ಎಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೆದರಿಕೆಯಾಯಿತು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಮಂಜೂರಾದ ಹಣ ಬಂದು ಕೆಲಸ ಶುರುವಾದ ವಾರವೇ ಮೇಷ್ಟ್ರು ಕಣ್ಣು ಬಿಟ್ಟು, ನರ್ಸಿನ ಉಚ್ಚಾರಣೆ ತಿದ್ದಿದರು. ಖಜಾಂಚಿಗಳು ಆಸ್ಪತ್ರೆಯ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತರು. ಉಗುಳುವಂತಿಲ್ಲ, ನುಂಗುವಂತಿಲ್ಲ, ಬಿಸಿತುಪ್ಪ. ಅಷ್ಟರಲ್ಲಿ ಹಳೆಯ ತೊಲೆಗಳನ್ನು ಇಳಿಸಿಯಾಗಿತ್ತು, ಕಬ್ಬಿಣ ಬಂದು ಬಿದ್ದಿತ್ತು. ನಿಜ ಹೇಳಿದರೆ ಕೆಲಸ ನಿಲ್ಲುತ್ತದೆ, ಕೇಂದ್ರ ಬಯಲಾಗುತ್ತದೆ. ಮೇಷ್ಟ್ರ ಹಳೆಯ ಶಿಷ್ಯರನ್ನೆಲ್ಲ ಕರೆಸಿ ಕೇಳಿದರೆ, ಯಾವತ್ತೂ ಒಂದು ಮಾತಿಗೆ ಬಾರದವರು ಅಂದು ಒಂದೇ ಬಾಯಾಗಿ ಚಾವಣಿಯ ಪರ ನಿಂತರು. ಗುರುಗಳು ದೊಡ್ಡವರು, ಆದರೆ ಮಳೆ ಬಂದಾಗ ಗುರುಗಳ ಕೆಳಗೆ ನಿಲ್ಲಲಾಗುವುದಿಲ್ಲ ಎಂದ ಒಬ್ಬ.

ಮನೆಗೆ ಬಂದ ಮೇಲೆ ಮಗಳು ಅಪ್ಪನಿಗೆ ವಿಷಯ ಹೇಳಿದಳು. ಕೂಗಾಡುತ್ತಾರೆ ಎಂದುಕೊಂಡಿದ್ದಳು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಷ್ಟು ಸಲ ಸತ್ತಿಲ್ಲ ನಾನು ಸ್ಟೇಜ್ ಮೇಲೆ? ಇನ್ನೊಂದು ಪ್ರಯೋಗ. ಈಗ ನಾನು ಯಾರಾಗಬೇಕು ಹೇಳು."

"ನಿಮ್ಮ ತಮ್ಮ. ನೋಡೋಕೆ ಅಣ್ಣನ ಹಾಗೇ ಇದ್ದಾರೆ ಅನ್ಬಹುದು."

"ತಮ್ಮ," ಎಂದು ಮೇಷ್ಟ್ರು ಬಾಯಿ ಚಪ್ಪರಿಸಿದರು. "ಸ್ವಲ್ಪ ಕುಂಟಲಿ. ಮೀಸೆ ಇರಲಿ. ಅಣ್ಣನ ಮುಂದೆ ಬಾಯಿ ಬಿಟ್ಟೋನಲ್ಲ, ಅದಕ್ಕೇ ಮೆತ್ತಗೆ ಮಾತಾಡ್ತಾನೆ."

ಹೊಸ ಸಭಾಂಗಣ ತೆರೆಯುವ ದಿನ ದಾನಿಯಮ್ಮ ಬಂದು, ಬಾಗಿಲ ಪಕ್ಕದ ಕಲ್ಲಿನಲ್ಲಿ ಕೆತ್ತಿದ್ದ ಹೆಸರನ್ನು ಬೆರಳಿನಿಂದ ಸವರಿದರು. ಒಳಗೆ ವೇದಿಕೆಯ ಪಕ್ಕ ಮೇಷ್ಟ್ರ ದೊಡ್ಡ ಫೋಟೋ. ಅದರ ಕೆಳಗಿನ ಕುರ್ಚಿಯಲ್ಲಿ ಮೀಸೆ ಬಿಟ್ಟ ಮೇಷ್ಟ್ರು. ಶಿಷ್ಯರು ಒಬ್ಬೊಬ್ಬರಾಗಿ ಎದ್ದು ಗುರುಗಳನ್ನು ಹೊಗಳಿದರು. ಒಬ್ಬನ ಕಣ್ಣೂ ಒದ್ದೆಯಾಗಲಿಲ್ಲ ಎನ್ನುವುದನ್ನು ಮೇಷ್ಟ್ರು ಗಮನಿಸುತ್ತಿದ್ದಾರೆ ಎಂದು ಮಗಳಿಗೆ ಗೊತ್ತಾಯಿತು. ಕೊನೆಗೆ ದಾನಿಯಮ್ಮ, ದಿವಂಗತರ ತಮ್ಮನವರೂ ಎರಡು ಮಾತಾಡಲಿ ಎಂದರು.

ಮೇಷ್ಟ್ರು ಕುಂಟುತ್ತ ಹೋಗಿ ಮೈಕಿನ ಮುಂದೆ ನಿಂತರು.

"ನಮ್ಮಣ್ಣನಿಗೆ ಒಬ್ಬಳೇ ಮಗಳು. ಚೆನ್ನಾಗಿ ಹಾಡ್ತಿದ್ಲು. ದೂರದ ಊರಲ್ಲಿ ಸಂಗೀತ ಕಲಿಯೋಕೆ ಸೀಟೂ ಸಿಕ್ಕಿತ್ತು. ಇಲ್ಲಿ ಬಾಗಿಲು ತೆಗೆಯೋಕೆ ಯಾರಿದ್ದಾರೆ ಅಂತ ನಮ್ಮಣ್ಣ ಕಳಿಸಲಿಲ್ಲ. ತಪ್ಪು ಮಾಡಿದೆ ಅಂತ ಅವನಿಗೆ ಗೊತ್ತಿತ್ತು. ಅವಳ ಹತ್ರ ಹೇಳೋಕೆ ಬಾಯಿ ಬರಲಿಲ್ಲ. ಹಾಗೇ ಹೋಗಿಬಿಟ್ಟ."

ದಾನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಲಿಗೆಯ ಹೆಂಗಸರು ಬಿಕ್ಕಿದರು. ಬಾಗಿಲ ಹತ್ತಿರ ನಿಂತಿದ್ದ ಮಗಳು ಗೋಡೆ ಹಿಡಿದುಕೊಂಡಳು. ಈ ಒಂದು ಮಾತಿಗಾಗಿ ಅವಳು ಕೂದಲು ನರೆಯುವವರೆಗೆ ಕಾದಿದ್ದಳು.

ಮನೆಗೆ ಬಂದು ಅಪ್ಪನಿಗೆ ತಟ್ಟೆ ಇಡುತ್ತ ಕೇಳಿದಳು. "ಅದನ್ನ ನೀವೇ ನನಗೆ ಹೇಳಬಹುದಿತ್ತಲ್ಲ ಅಪ್ಪ?"

"ಯಾವುದನ್ನ?"

"ಸಂಗೀತದ ಸೀಟಿನ ವಿಷಯ."

"ಅಯ್ಯೋ ಮಂಕೇ, ಅದು ಪಾತ್ರ ಹೇಳಿದ್ದು. ಆ ಜಾಗದಲ್ಲಿ ಒಂದು ಹಿಡಿತ ಬೇಕಿತ್ತು. ಜನ ಅತ್ತರಲ್ಲ, ನೋಡಿದ್ಯಾ?" ಎಂದು ಮೇಷ್ಟ್ರು ಉಪ್ಪು ಕೇಳಿದರು. "ನಿನ್ನ ಗಂಟಲಿಗೆ ಸಂಗೀತ ಎಲ್ಲಿ ಬರ್ತಿತ್ತು."

ಅವಳು ಉಪ್ಪು ಕೊಟ್ಟಳು. ಅವತ್ತು ಅವಳೊಳಗೆ ಏನೋ ಗಟ್ಟಿಯಾಯಿತು. ಅದನ್ನು ಕೋಪ ಎಂದರೂ ತಪ್ಪಿಲ್ಲ, ನೆಮ್ಮದಿ ಎಂದರೂ ತಪ್ಪಿಲ್ಲ.

ಒಂದೇ ಪ್ರಯೋಗ ಎಂದುಕೊಂಡಿದ್ದ ಮೇಷ್ಟ್ರು, ಮೀಸೆ ತೆಗೆಯಲು ಹೊರಟಾಗ ಮಗಳು ಕತ್ತರಿ ಕಸಿದುಕೊಂಡಳು. ದಾನಿಯಮ್ಮ ವರ್ಷ ವರ್ಷ ಬರುತ್ತಾರೆ, ನಡುವೆ ಅವರ ಕಡೆಯವರು ಹೇಳದೆ ಕೇಳದೆ ಬಂದು ನೋಡುತ್ತಾರೆ. ಇನ್ನು ಮೇಲೆ ಕೇಂದ್ರದಲ್ಲಿ ನೀವು ಚಿಕ್ಕಪ್ಪ, ಎಂದಳು. ಚಿಕ್ಕಪ್ಪ ನಾಟಕದವನಲ್ಲ, ಆದ್ದರಿಂದ ಪಾಠ ಹೇಳುವಂತಿಲ್ಲ. ತಾಲೀಮು ನಡೆಸಲು ಒಬ್ಬ ಶಿಷ್ಯ ನೇಮಕವಾದ. ಅವನು ಮೇಷ್ಟ್ರ ಫೋಟೋದ ಕೆಳಗೆ ನಿಂತು, 'ನಮ್ಮ ಗುರುಗಳು ಹೇಳುತ್ತಿದ್ದ ಹಾಗೆ' ಎಂದು ಶುರುಮಾಡಿ, ಗುರುಗಳು ಕನಸಿನಲ್ಲೂ ಹೇಳದಿದ್ದನ್ನು ಹೇಳುತ್ತಿದ್ದ. ಹಿಂದಿನ ಸಾಲಿನಲ್ಲಿ ಕೂತ ಗುರುಗಳು ಕೈ ಹಿಸುಕಿಕೊಳ್ಳುತ್ತಿದ್ದರು.

ಒಂದು ದಿನ ತಡೆಯಲಾರದೆ ಎದ್ದು ನಿಂತರು. "ಲೋ, ಆ ಮಾತು ಹಾಗಲ್ಲ. ಉಸಿರು ಅಲ್ಲಿ ಬಿಡಬಾರದು."

ಹೊಸ ಹುಡುಗಿಯೊಬ್ಬಳು ಪಕ್ಕದವಳನ್ನು ಕೇಳಿದಳು, ಯಾರು ಈ ಅಜ್ಜ ಎಂದು. ಆಫೀಸಿನಿಂದ ಹೊರಗೆ ಬಂದ ಮಗಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಚಿಕ್ಕಪ್ಪ, ನಿಮಗೆ ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬೇಡಿ. ಸುಮ್ನೆ ಕೂತ್ಕೊಳ್ಳಿ."

ಮಕ್ಕಳು ಕಿಸಕ್ಕೆಂದರು. ಮೇಷ್ಟ್ರು ಕೂತರು. ಜೀವಮಾನದಲ್ಲಿ ಯಾರ ಮಾತಿಗೂ ಕೂತವರಲ್ಲ. ಮಗಳು ಆಫೀಸಿಗೆ ಮರಳಿ ಬಾಗಿಲು ಹಾಕಿಕೊಂಡಾಗ ಅವಳ ಮುಖದ ಮೇಲೆ ಒಂದು ನಗು ಇತ್ತು ಎಂದರೆ ಓದುವವರಿಗೆ ಬೇಜಾರಾಗಬಹುದು. ಇತ್ತು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಅಂದು ಚೆನ್ನಾಗಿ ಹಸಿವಾಯಿತು.

ಆಮೇಲೆ ಅಭ್ಯಾಸವಾಗಿಹೋಯಿತು. ಕೇಂದ್ರದಲ್ಲಿ ಕರೆದದ್ದೇ ಮನೆಯಲ್ಲೂ ಬಾಯಿಗೆ ಬರತೊಡಗಿತು. ಚಿಕ್ಕಪ್ಪ, ಸ್ನಾನಕ್ಕೆ ಹೋಗಿ. ಚಿಕ್ಕಪ್ಪ, ಮಾತ್ರೆ. ಮೊದಮೊದಲು ಮೇಷ್ಟ್ರು, "ಇಲ್ಲಿ ಯಾರೂ ನೋಡ್ತಿಲ್ಲ ಕಣೇ," ಎನ್ನುತ್ತಿದ್ದರು. ಬರಬರುತ್ತ ಅದನ್ನೂ ಬಿಟ್ಟರು. ಕುಂಟುವುದನ್ನು ಮಾತ್ರ ಮನೆಯಲ್ಲೂ ಬಿಡಲಿಲ್ಲ. ಒಂದು ಸಲ ಅವಳ ಕೋಣೆಯ ಬಾಗಿಲಿಗೆ ಬಂದು ನಿಂತು ಮೆತ್ತಗೆ ಕೇಳಿದರು. "ಈ ತಮ್ಮನ್ನ ಯಾವಾಗ ಕಳಿಸ್ತೀಯ? ನಿಮ್ಮಪ್ಪನ್ನ ಒಂದು ಸಲ ನೋಡಬೇಕು ಅನ್ಸುತ್ತೆ." ಅವಳು ದಾನಿಯಮ್ಮನಿಗೆ ಕಳಿಸಬೇಕಾದ ಫೋಟೋಗಳನ್ನು ಆರಿಸುತ್ತಿದ್ದಳು. ಆಮೇಲೆ ಮಾತಾಡೋಣ ಎಂದಳು.

ಮರುವರ್ಷ ದಾನಿಯಮ್ಮ ಬಂದ ದಿನವೇ, ಅವರಿಗೆ ಕೈಮುಗಿಯಲು ಎದ್ದ ಮೇಷ್ಟ್ರು ಹಾಗೇ ಮುಂದಕ್ಕೆ ಕುಸಿದರು. ದಾನಿಯಮ್ಮನ ಕಾರಿನಲ್ಲೇ ಆಸ್ಪತ್ರೆಗೆ ಒಯ್ದರು. ಆಕೆ ಒಳ್ಳೆಯ ಹೆಂಗಸು, ಅದೇ ಬಂದ ಕಷ್ಟ. ಡ್ರೈವರನನ್ನು ಔಷಧಿಗೆ ಓಡಿಸಿದರು, ಖಜಾಂಚಿಗಳನ್ನು ದುಡ್ಡು ಕಟ್ಟಲು ಕಳಿಸಿದರು, ತಾವು ಮಗಳ ಕೈ ಹಿಡಿದುಕೊಂಡು ತುರ್ತು ವಿಭಾಗದ ಬಾಗಿಲಿಗೆ ಬಂದು ನಿಂತರು. ಬಿಡಿಸಿಕೊಳ್ಳೋಣವೆಂದರೂ ಬಿಡದಂಥ ಹಿಡಿತ.

ಬಾಗಿಲು ತೆಗೆದು ನರ್ಸ್ ಕೇಳಿದಳು. "ಈಗ ಬಂದ ಅಜ್ಜನ ಕಡೆಯವರು ಯಾರು? ಡಾಕ್ಟರು ಜಾಸ್ತಿ ಹೊತ್ತಿಲ್ಲ ಅಂತಿದ್ದಾರೆ. ಒಬ್ಬರು ಒಳಗೆ ಬಂದು ಕೂತ್ಕೋಬಹುದು. ಹೆಂಡತಿ, ಇಲ್ಲ ಮಕ್ಕಳು. ಬೇರೆ ಯಾರನ್ನೂ ಬಿಡಲ್ಲ. ನೀವು ಏನಾಗಬೇಕು ಅವರಿಗೆ?"

ನರ್ಸಿನ ಭುಜದಾಚೆ ಹಾಸಿಗೆ ಕಾಣುತ್ತಿತ್ತು. ಮೇಷ್ಟ್ರಿಗೆ ಎಚ್ಚರವಿತ್ತು. ಬಾಗಿಲ ಕಡೆಗೇ ಮುಖ ಮಾಡಿದ್ದರು. ಮಾತು ಮರೆತು ನಿಂತ ನಟನಿಗೆ ಪರದೆಯ ಪಕ್ಕದಿಂದ ಎತ್ತಿಕೊಡುವವರ ಹಾಗೆ ತುಟಿ ಅಲ್ಲಾಡಿಸಿದರು. ಅಪ್ಪ, ಎಂದರು. ಅಪ್ಪ ಅನ್ನು. ಮಗಳಿಗೆ ಸ್ಪಷ್ಟವಾಗಿ ಕಾಣಿಸಿತು.

ದಾನಿಯಮ್ಮನ ಬೆರಳುಗಳು ಅವಳ ಅಂಗೈಯಲ್ಲಿ ಬೆಚ್ಚಗಿದ್ದವು.

"ಚಿಕ್ಕಪ್ಪ," ಎಂದಳು.

"ಹಾಗಾದ್ರೆ ಹೊರಗೆ ಕೂತಿರಿ," ಎಂದು ನರ್ಸ್ ಬಾಗಿಲು ಹಾಕಿದಳು.

ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಒಂದು ನಿಮಿಷ, ದಾನಿಯಮ್ಮ ಬಚ್ಚಲಿಗೋ ನೀರಿಗೋ ಎದ್ದು ಹೋಗಲಿ, ಓಡಿಹೋಗಿ ನರ್ಸಿಗೆ ಹೇಳಿಬಿಡುತ್ತೇನೆ ಎಂದುಕೊಂಡಳು ಮಗಳು. ದಾನಿಯಮ್ಮ ಏಳಲಿಲ್ಲ. ಇಂಥ ಹೊತ್ತಿನಲ್ಲಿ ಒಬ್ಬಳನ್ನೇ ಬಿಟ್ಟು ಹೋಗುವ ಜಾತಿಯವಳು ನಾನಲ್ಲ ಎಂದು, ಗಂಡ ಸತ್ತ ದಿನದ ಕಥೆಯನ್ನು ಮೊದಲಿನಿಂದ ಹೇಳಿದರು. ಬಾಗಿಲ ಹಿಂದೆ ಯಾರೋ ಕೆಮ್ಮಿದರು, ಆಮೇಲೆ ಕೆಮ್ಮಲಿಲ್ಲ. ಎದ್ದರೆ ಚಾವಣಿ ಬೀಳುತ್ತದೆ. ಕೂತರೆ ಅಪ್ಪ ಒಬ್ಬರೇ ಹೋಗುತ್ತಾರೆ. ಅವಳು ಕೂತಳು.

ನರ್ಸ್ ಹೊರಗೆ ಬಂದಳು. ಮುಖ ನೋಡಿದರೇ ಗೊತ್ತಾಗುವಂತಿತ್ತು.

"ಆಯ್ತು," ಎಂದಳು. "ಕೊನೇವರೆಗೂ ಬಾಗಿಲನ್ನೇ ನೋಡ್ತಿದ್ರು. ಮಕ್ಕಳು ಯಾರಾದ್ರೂ ಬರೋರಿದ್ರಾ?"

"ಮಕ್ಕಳಿಲ್ಲಮ್ಮ, ಒಂಟಿ ಜೀವ," ಎಂದು ದಾನಿಯಮ್ಮನೇ ಹೇಳಿದರು. "ಈ ಅಣ್ಣನ ಮಗಳೇ ಸ್ವಂತ ಅಪ್ಪನ ಹಾಗೆ ನೋಡ್ಕೊಂಡಿದ್ದು." ಅವಳ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡು ಬೆನ್ನು ಸವರಿದರು. ಮಗಳಿಗೆ ಅಳು ಬರಲಿಲ್ಲ. ಅಣ್ಣನ ಮಗಳು ಎಷ್ಟು ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ಅವತ್ತು ವೇದಿಕೆ ಮೇಲೆ ಅವರು ಆಡಿದ ಮಾತು ನಾನು ಸಾಯೋವರೆಗೂ ಮರೆಯಲ್ಲ," ಎಂದರು ದಾನಿಯಮ್ಮ. "ಕೇಂದ್ರಕ್ಕೆ ಇನ್ನೂ ಏನು ಬೇಕು ಹೇಳು. ಇವರ ಹೆಸರಲ್ಲೂ ಒಂದು ಮಾಡಿಸೋಣ."

"ವೇಷ ಹಾಕೋ ಹಳೇ ಬಣ್ಣದ ಕೋಣೆ ಸೋರ್ತಿದೆ," ಎಂದಳು ಮಗಳು. ಕೇಳಿದ ತಕ್ಷಣ ಬಂತು ಬಾಯಿಗೆ. ದಾನಿಗಳ ಮುಂದೆ ಕೂತು ಕೂತು ಬಂದ ಅಭ್ಯಾಸ.

"ಆಗಲಿ. ಅಣ್ಣನ ಹೆಸರಲ್ಲಿ ಸಭಾಂಗಣ, ತಮ್ಮನ ಹೆಸರಲ್ಲಿ ಬಣ್ಣದ ಕೋಣೆ," ಎಂದು ದಾನಿಯಮ್ಮ ಮೂಗು ಒರೆಸಿಕೊಂಡರು. ಆಮೇಲೆ ಏನೋ ಹೊಳೆದವರಂತೆ ಅವಳ ಕಡೆ ತಿರುಗಿದರು. "ಅಲ್ಲಮ್ಮ, ಇಷ್ಟು ದಿನ ನಾವೆಲ್ಲ ಚಿಕ್ಕಪ್ಪ, ಚಿಕ್ಕಪ್ಪ ಅಂತಲೇ ಕರೀತಿದ್ವಿ. ಅವರ ಹೆಸರೇನು?"

ಆ ಪಾತ್ರಕ್ಕೆ ಹೆಸರಿಡುವುದನ್ನು ಎಲ್ಲರೂ ಮರೆತಿದ್ದರು, ಅದನ್ನು ಆಡಿದವರು ಕೂಡ. ಮಗಳು ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿದಳು. ಬಾಯಿಗೆ ಬಂದ ಒಂದು ಹೆಸರು ಹೇಳಿದಳು. ಕಲ್ಲಿನಲ್ಲಿ ತಪ್ಪು ಕೆತ್ತಬಾರದಲ್ಲ ಎಂದು ದಾನಿಯಮ್ಮ ಇನ್ನೊಮ್ಮೆ ಹೇಳಿಸಿಕೊಂಡರು. ಅವಳು ಇನ್ನೊಮ್ಮೆ ಹೇಳಿದಳು.